ಹತ್ತೊಂಬತ್ತನೇ ಸಂಪುಟ ಎಲ್ಲಿ ಹೋಯಿತು?

ನಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಗೆ ಸೇರಿದ ಮೊದಲ ದಿನವೇ ಎಲ್ಲರಿಗೂ ಒಂದು ಕಥೆ ಹೇಳುತ್ತಾರೆ. ನನಗೂ ಹೇಳಿದ್ದರು. ಮೊದಲು ಪತ್ರಿಕೆ ವಿಶ್ವವಿದ್ಯಾಲಯದ್ದೇ ಆಗಿತ್ತಂತೆ. ದುಡ್ಡು ಅವರದು, ಕೋಣೆ ಅವರದು. ಒಬ್ಬ ಸಂಪಾದಕ ಆಡಳಿತದ ವಿರುದ್ಧ ಖಡಕ್ಕಾಗಿ ಒಂದು ಸಂಪಾದಕೀಯ ಬರೆದನಂತೆ. ಮರುದಿನ ಅವನನ್ನು ಕರೆಸಿ 'ಕ್ಷಮೆ ಕೇಳು' ಅಂದರಂತೆ. ಅವನು ಕೇಳಲಿಲ್ಲ. ಅವತ್ತೇ ಹುಡುಗರೆಲ್ಲ ಟೈಪ್‌ರೈಟರ್ ಹೊತ್ತುಕೊಂಡು ಕ್ಯಾಂಪಸ್ ಗೇಟು ದಾಟಿ ಹೊರಗೆ ನಡೆದರಂತೆ. ಅಂದಿನಿಂದ ನಾವು ಸ್ವತಂತ್ರ.

ಆ ಕಥೆಯನ್ನು ನಾನೂ ಎರಡು ವರ್ಷ ಹೊಸಬರಿಗೆ ಹೇಳಿದ್ದೆ. ಹೇಳುವಾಗ ಮೈ ಜುಮ್ ಅನ್ನುತ್ತಿತ್ತು. ಮೂರನೇ ವರ್ಷದಲ್ಲಿದ್ದಾಗ ನಮ್ಮ ಸಂಪಾದಕಿ ಕರೆದು, "ಮುಂದಿನ ವರ್ಷ 50ನೇ ಸಂಪುಟ ಶುರುವಾಗುತ್ತೆ. ಪತ್ರಿಕೆಯ ಚರಿತ್ರೆ ಬರೀತೀಯಾ? ಎರಡು ಪುಟ ಸಾಕು" ಅಂದಳು. ಹದಿನೈದು ದಿನದ ಕೆಲಸ ಅಂದುಕೊಂಡು ಒಪ್ಪಿಕೊಂಡೆ. ಮುಗಿಯುವ ಹೊತ್ತಿಗೆ ಒಂದೂವರೆ ವರ್ಷ ಆಗಿತ್ತು. ಬೇರೆ ಯಾವುದಾದರೂ ವಿದ್ಯಾರ್ಥಿ ಪತ್ರಿಕೆಯವರು ಇದೇ ಕೆಲಸಕ್ಕೆ ಕೈಹಾಕಿದರೆ ಅವರಿಗೆ ಒಂದಿಷ್ಟು ದಾರಿ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೋದದ್ದು ಗ್ರಂಥಾಲಯಕ್ಕೆ. ನಮ್ಮ ಕಚೇರಿಯಲ್ಲಿ ಹಳೆಯ ಸಂಚಿಕೆಗಳು ಇರಲಿಲ್ಲ. ಹಿಂದಿನ ಹತ್ತು ವರ್ಷದವಷ್ಟೇ ಒಂದು ಕಪಾಟಿನಲ್ಲಿ ಹೇಗೆಂದರೆ ಹಾಗೆ ತುಂಬಿದ್ದವು. ಅದಕ್ಕಿಂತ ಹಳೆಯವು ಏನಾದವು ಅಂತ ಹೇಳುವವರೇ ಇರಲಿಲ್ಲ. ವಿದ್ಯಾರ್ಥಿ ಪತ್ರಿಕೆಯ ದೊಡ್ಡ ಕಷ್ಟವೇ ಇದು. ಮೂರು ನಾಲ್ಕು ವರ್ಷಕ್ಕೆ ಎಲ್ಲರೂ ಓದು ಮುಗಿಸಿ ಹೊರಟುಬಿಡುತ್ತಾರೆ. ನಾಲ್ಕು ವರ್ಷದ ಆಚೆ ನಡೆದದ್ದನ್ನು ಕಣ್ಣಾರೆ ಕಂಡವರು ಕಚೇರಿಯಲ್ಲಿ ಒಬ್ಬರೂ ಉಳಿದಿರುವುದಿಲ್ಲ. ಹೇಳಿದ ಕಥೆ ಒಂದೇ ಉಳಿಯುತ್ತದೆ. ಬಾಯಿಂದ ಬಾಯಿಗೆ ಹೋಗುತ್ತಾ ಅದರ ಮೂಲೆಗಳೆಲ್ಲ ಸವೆದುಹೋಗುತ್ತವೆ.

ಗ್ರಂಥಾಲಯದಲ್ಲಿ ನಮ್ಮ ಪತ್ರಿಕೆಯ ಸಂಪುಟಗಳನ್ನು ವರ್ಷಕ್ಕೊಂದರಂತೆ ಗಟ್ಟಿ ರಟ್ಟು ಹಾಕಿ ಬೈಂಡ್ ಮಾಡಿಸಿ ಇಟ್ಟಿದ್ದರು. ಗ್ರಂಥಪಾಲಕರು ಮೊದಲನೆಯದನ್ನು ತಂದು ಮೇಜಿನ ಮೇಲೆ ಇಟ್ಟರು. ನಾನು ಕೈಗೆ ಹತ್ತಿಯ ಗ್ಲೌಸ್ ಹಾಕಿಕೊಂಡು ಹೋಗಿದ್ದೆ. "ಅದನ್ನ ತೆಗೀರಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಬನ್ನಿ, ಅಷ್ಟೇ ಸಾಕು" ಅಂದರು. ಗ್ಲೌಸ್ ಹಾಕಿಕೊಂಡರೆ ಬೆರಳಿಗೆ ಹಾಳೆಯ ಅಂಚು ಗೊತ್ತಾಗುವುದಿಲ್ಲ, ಹರಿದುಬಿಡುತ್ತೀರಿ ಅಂತ ವಿವರಿಸಿದರು. ನಿಜ. ನ್ಯೂಸ್‌ಪ್ರಿಂಟ್ ಅಂದರೆ ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದ. ಮರದಲ್ಲಿರುವ ಲಿಗ್ನಿನ್ ಅದರಲ್ಲಿ ಹಾಗೇ ಉಳಿದಿರುತ್ತದೆ. ಗಾಳಿ ಬೆಳಕು ತಾಗಿದರೆ ಹಳದಿಯಾಗಿ, ಆಮ್ಲ ಹುಟ್ಟಿ, ಕಾಗದ ಒಳಗಿಂದಲೇ ಸಾಯುತ್ತದೆ. ನಾನು ಪುಟ ತಿರುಗಿಸಿದಾಗೆಲ್ಲ ಅಂಚಿನಿಂದ ಕಂದು ಬಣ್ಣದ ಪುಡಿ ಮೇಜಿನ ಮೇಲೆ ಉದುರುತ್ತಿತ್ತು. ಸಂಜೆ ಎದ್ದಾಗ ತೋಳಿಗೆಲ್ಲ ಅದೇ ಮೆತ್ತಿಕೊಂಡಿತ್ತು. ಯಾರೋ ರಾತ್ರಿಯಿಡೀ ಕೂತು ಬರೆದದ್ದು ಹೀಗೆ ಪುಡಿಯಾಗುತ್ತಿದೆಯಲ್ಲಾ ಅಂತ ಹೊಟ್ಟೆಯಲ್ಲಿ ಸಂಕಟವಾಯಿತು.

ಮೂರು ವಾರ ದಿನವೂ ಹೋಗಿ ಕೂತೆ. 18ನೇ ಸಂಪುಟದ ಕೊನೆಯಲ್ಲಿ ಆ ಪ್ರಸಿದ್ಧ ಸಂಪಾದಕೀಯ ಸಿಕ್ಕಿತು. ಓದಿ ಖುಷಿಯಾಯಿತು, ಬಹಳ ಚೆನ್ನಾಗಿಯೇ ಇತ್ತು. ಮುಂದಿನದನ್ನು ತೆಗೆದರೆ ಅದರ ಬೆನ್ನಿನ ಮೇಲೆ 20 ಅಂತ ಇತ್ತು. 19 ಇರಲಿಲ್ಲ. ಪಟ್ಟಿಯಲ್ಲೂ ಇಲ್ಲ, ಪುಟಗಳನ್ನು ಪುಟ್ಟ ಫಿಲ್ಮಿನ ಮೇಲೆ ಫೋಟೋ ತೆಗೆದಿಟ್ಟ ಮೈಕ್ರೋಫಿಲ್ಮ್ ಪೆಟ್ಟಿಗೆಯಲ್ಲೂ ಇಲ್ಲ. ಆ ವರ್ಷ ಪತ್ರಿಕೆ ಬಂದೇ ಇಲ್ಲ ಅನ್ನೋಣವೆಂದರೆ ಸಂಖ್ಯೆ ಯಾಕೆ ಹಾರಿತು? ವಿದ್ಯಾರ್ಥಿ ಪತ್ರಿಕೆಗಳಲ್ಲಿ ಸಂಪುಟ ಸಂಖ್ಯೆ ತಪ್ಪುವುದು ಮಾಮೂಲು, ಹೊಸ ಸಂಪಾದಕರು ಎಣಿಕೆ ತಪ್ಪಿರಬಹುದು ಅಂತ ಗ್ರಂಥಪಾಲಕರು ಅಂದರು. ನನ್ನ ಮನಸ್ಸು ಒಪ್ಪಲಿಲ್ಲ.

ಆ ಹೊತ್ತಿಗೆ ಬೇರೆ ಕಡೆಯ ವಿದ್ಯಾರ್ಥಿ ಪತ್ರಿಕೆಗಳ ಚರಿತ್ರೆ ಓದಲು ಶುರುಮಾಡಿದ್ದೆ. ಅಮೆರಿಕದ ಕೆಲವು ಪತ್ರಿಕೆಗಳು ನೂರೈವತ್ತು ವರ್ಷದ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಟ್ಟಿವೆ. ಹಾರ್ವರ್ಡ್‌ನ 'ಕ್ರಿಮ್ಸನ್' 1873ರಲ್ಲಿ ಹುಟ್ಟಿದಾಗ ಅದರ ಹೆಸರು 'ಮಜೆಂಟಾ'. ಕಾಲೇಜಿನ ಬಣ್ಣ ಕ್ರಿಮ್ಸನ್ ಎಂದು ತೀರ್ಮಾನವಾದ ಮೇಲೆ 1875ರಲ್ಲಿ ಪತ್ರಿಕೆಯೂ ಹೆಸರು ಬದಲಿಸಿಕೊಂಡಿತು. 'ಯೇಲ್ ಡೈಲಿ ನ್ಯೂಸ್' 1878ರದ್ದು, 'ಕಾರ್ನೆಲ್ ಡೈಲಿ ಸನ್' 1880ರದ್ದು. ಇಂಥ ಪತ್ರಿಕೆಗಳ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಅಲ್ಲಿ ಕೆಲಸ ಮಾಡಿ ಮುಂದೆ ದೊಡ್ಡವರಾದವರ ಪಟ್ಟಿ ಕೊಡುತ್ತಾರೆ. ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಓದುವಾಗ ಕ್ರಿಮ್ಸನ್ ಪತ್ರಿಕೆಯ ಮುಖ್ಯಸ್ಥರಾಗಿದ್ದರು, ಹೀಗೆ. ನನಗೆ ಬೇಕಾಗಿದ್ದದ್ದು ಅದಲ್ಲ. ಒಂದು ಪತ್ರಿಕೆ ವಿಶ್ವವಿದ್ಯಾಲಯದಿಂದ ಬೇರೆಯಾದ ಆ ದಿನಗಳಲ್ಲಿ ನಿಜಕ್ಕೂ ಏನೇನು ನಡೆಯಿತು ಅನ್ನುವುದು ಬೇಕಿತ್ತು.

ಅದಕ್ಕೆ ಮೂರು ಪತ್ರಿಕೆಗಳು ಸಹಾಯ ಮಾಡಿದವು. ಒಂದು, ಫ್ಲೋರಿಡಾ ವಿಶ್ವವಿದ್ಯಾಲಯದ 'ಅಲಿಗೇಟರ್'. 1971ರಲ್ಲಿ ಅದರ ಸಂಪಾದಕ ರಾನ್ ಸ್ಯಾಕ್ಸ್ ಗರ್ಭಪಾತದ ಬಗ್ಗೆ ಸಲಹೆ ಕೊಡುವ ಸಂಸ್ಥೆಗಳ ವಿಳಾಸ ಪ್ರಕಟಿಸಲು ಹೊರಟರು. ಆಗ ಅಲ್ಲಿ ಅಂಥ ಮಾಹಿತಿ ಅಚ್ಚು ಹಾಕುವುದೇ ಅಪರಾಧವಾಗಿತ್ತು. ವಿಶ್ವವಿದ್ಯಾಲಯ ಬೇಡ ಅಂದಿತು. ಸ್ಯಾಕ್ಸ್ ಆ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಪ್ರತಿ ತೆಗೆದು ಪತ್ರಿಕೆಯೊಳಗೆ ಸೇರಿಸಿ ಹಂಚಿದರು. ಅವರ ಬಂಧನವಾಯಿತು. ಕೊನೆಗೆ ಆ ಕಾನೂನೇ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಆದರೆ ಪತ್ರಿಕೆ ಸ್ವತಂತ್ರವಾದದ್ದು ಅವತ್ತೇ ಅಲ್ಲ, 1973ರಲ್ಲಿ. ನಡುವೆ ಎರಡು ವರ್ಷ ಹಿಡಿಯಿತು.

ಎರಡನೆಯದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ 'ಡೈಲಿ ಕ್ಯಾಲಿಫೋರ್ನಿಯನ್'. ಅಲ್ಲಿಯದೂ 1971ರ ಕಥೆಯೇ. ವಿಶ್ವವಿದ್ಯಾಲಯ ಬೇಲಿ ಹಾಕಿದ್ದ ಪೀಪಲ್ಸ್ ಪಾರ್ಕ್ ಎಂಬ ಜಾಗವನ್ನು ಜನ ವಾಪಸ್ ತೆಗೆದುಕೊಳ್ಳಲಿ ಅಂತ ಸಂಪಾದಕೀಯ ಬಂತು. ವಿಶ್ವವಿದ್ಯಾಲಯ ಹಿರಿಯ ಸಂಪಾದಕರನ್ನು ತೆಗೆದುಹಾಕಲು ಹೋಯಿತು. ಜಗಳ ಒಂದು ಒಪ್ಪಂದದಲ್ಲಿ ಮುಗಿದು ಪತ್ರಿಕೆ ಕ್ಯಾಂಪಸ್ಸಿನ ಹೊರಗೆ ಹೋಯಿತು. ಇಲ್ಲಿ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಪತ್ರಿಕೆ ಸ್ವತಂತ್ರವಾದರೂ ಅದರ ಹೆಸರು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯದ್ದೇ. ಆ ಹೆಸರನ್ನು ಬಳಸಲು ಪತ್ರಿಕೆಗೆ ಅನುಮತಿ ಇದೆ ಅಷ್ಟೇ. ಹೆಸರಿಗೂ ಒಬ್ಬ ಒಡೆಯ ಇರುತ್ತಾನೆ ಅಂತ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಮೂರನೆಯದು 'ಸ್ಟ್ಯಾನ್‌ಫರ್ಡ್ ಡೈಲಿ'. ಅದು 1892ರಿಂದ ಇದೆ. 1971ರ ಏಪ್ರಿಲ್‌ನಲ್ಲಿ ಆಸ್ಪತ್ರೆಯೊಳಗೆ ನಡೆದ ಪ್ರತಿಭಟನೆಯಲ್ಲಿ ಪೊಲೀಸರಿಗೆ ಪೆಟ್ಟಾಗಿತ್ತು. ಹೊಡೆದವರ ಫೋಟೋ ಇರಬಹುದು ಅಂತ ಪೊಲೀಸರು ವಾರಂಟ್ ತಂದು ಪತ್ರಿಕಾ ಕಚೇರಿಯನ್ನು ಜಾಲಾಡಿದರು. ಏನೂ ಸಿಗಲಿಲ್ಲ. ವಿದ್ಯಾರ್ಥಿಗಳು ಮೊಕದ್ದಮೆ ಹೂಡಿದರು. 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-3ರ ಬಹುಮತದಲ್ಲಿ ಪತ್ರಿಕೆಯ ವಿರುದ್ಧ ತೀರ್ಪು ಕೊಟ್ಟಿತು. ಸೋತರು ನಿಜ. ಆದರೆ ಆ ಸೋಲು ಎಬ್ಬಿಸಿದ ಗದ್ದಲದಿಂದಾಗಿ 1980ರಲ್ಲಿ ಪತ್ರಕರ್ತರ ಕಡತಗಳಿಗೆ ರಕ್ಷಣೆ ಕೊಡುವ ಕಾನೂನು ಬಂತು. ಈಗ ಸ್ವತಂತ್ರವಾಗಿರುವ ಅದೇ ಪತ್ರಿಕೆಯಲ್ಲಿ 2022ರಿಂದ ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ಬರೆದ ವರದಿಗಳು ವಿಶ್ವವಿದ್ಯಾಲಯದ ಅಧ್ಯಕ್ಷರ ಸಂಶೋಧನಾ ಪ್ರಬಂಧಗಳಲ್ಲಿನ ಚಿತ್ರಗಳನ್ನು ಪ್ರಶ್ನಿಸಿದವು. ಅದರ ಮೇಲೆ ವಿಚಾರಣೆ ನಡೆದು 2023ರಲ್ಲಿ ಅವರು ಹುದ್ದೆ ಬಿಟ್ಟರು. ಅಧ್ಯಕ್ಷರ ಕೈಯಲ್ಲೇ ಪತ್ರಿಕೆಯ ದುಡ್ಡಿನ ಚೀಲ ಇದ್ದಿದ್ದರೆ ಆ ವರದಿ ಬರೆಯುವುದು ಎಷ್ಟು ಕಷ್ಟವಾಗುತ್ತಿತ್ತು, ಯೋಚಿಸಿ.

ಇವನ್ನೆಲ್ಲ ಓದಿದ ಮೇಲೆ ನಮ್ಮ ಕಥೆಯ ಬಗ್ಗೆ ಅನುಮಾನ ಶುರುವಾಯಿತು. ಯಾವ ಪತ್ರಿಕೆಯೂ ಒಂದೇ ದಿನದಲ್ಲಿ ಸ್ವತಂತ್ರವಾಗಿರಲಿಲ್ಲ. ನಾವು ಮಾತ್ರ ಒಂದೇ ಮಧ್ಯಾಹ್ನದಲ್ಲಿ ಹೇಗಾದೆವು?

ಹಳಬರನ್ನು ಮಾತಾಡಿಸಲು ಹೊರಟೆ. 18ನೇ ಮತ್ತು 20ನೇ ಸಂಪುಟದ ಎರಡನೇ ಪುಟದಲ್ಲಿ ಸಿಬ್ಬಂದಿಯ ಹೆಸರುಗಳಿದ್ದವು. ಒಬ್ಬರ ನಂಬರ್ ಇನ್ನೊಬ್ಬರಿಂದ, ಅವರಿಂದ ಮತ್ತೊಬ್ಬರದ್ದು, ಹೀಗೆ ಹದಿನಾಲ್ಕು ಜನ ಸಿಕ್ಕರು. ಎಲ್ಲರೂ ಪ್ರೀತಿಯಿಂದ ಮಾತಾಡಿದರು. ಆದರೆ ಹದಿನಾಲ್ಕು ಜನ ಹದಿನಾಲ್ಕು ಥರ ಹೇಳಿದರು. ಒಬ್ಬರು ಮಳೆ ಬರುತ್ತಿತ್ತು ಅಂದರು, ಇನ್ನೊಬ್ಬರು ಸುಡು ಬಿಸಿಲು ಅಂದರು. ಗೇಟು ದಾಟಿದ ಮೆರವಣಿಗೆಯಲ್ಲಿ ನಾನಿದ್ದೆ ಅಂದವರೊಬ್ಬರ ಹೆಸರು 20ನೇ ಸಂಪುಟದಲ್ಲಷ್ಟೇ ಇತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಕೇಳಿದ ಕಥೆ ಅವರ ನೆನಪಿನೊಳಗೆ ಸೇರಿಕೊಂಡುಬಿಟ್ಟಿತ್ತು.

ಆಮೇಲೆ ನಾನು ಕೇಳುವ ರೀತಿ ಬದಲಿಸಿದೆ. 'ಆಗ ಏನಾಯಿತು ಹೇಳಿ' ಅನ್ನುವುದನ್ನು ಬಿಟ್ಟೆ. ಹಳೆಯ ಪುಟದ ನಕಲು ಕೈಗೆ ಕೊಟ್ಟು, 'ಈ ಪುಟವನ್ನು ಯಾರು ಜೋಡಿಸಿದ್ದು? ಪ್ರೆಸ್‌ಗೆ ಯಾರು ಒಯ್ದರು? ಕೋಣೆಯ ಬೀಗದ ಕೈ ಯಾರ ಹತ್ತಿರ ಇತ್ತು?' ಅಂತ ಸಣ್ಣ ಸಣ್ಣದ್ದನ್ನೇ ಕೇಳತೊಡಗಿದೆ. ಪುಟ ಕಣ್ಣಿಗೆ ಬಿದ್ದ ಕೂಡಲೇ ಅವರ ದನಿಯೇ ಬೇರೆಯಾಗುತ್ತಿತ್ತು. "ಅಯ್ಯೋ, ಈ ತಲೆಬರಹ ಸೊಟ್ಟಗೆ ಅಂಟಿದೆ ನೋಡಿ, ಅವತ್ತು ಮೇಣ ಖಾಲಿಯಾಗಿತ್ತು" ಅಂದರು ಒಬ್ಬರು. ಆಗೆಲ್ಲ ಅಚ್ಚಾದ ಅಂಕಣಗಳನ್ನು ಕತ್ತರಿಸಿ, ಹಿಂದೆ ಬಿಸಿ ಮೇಣ ಸವರಿ, ದಪ್ಪ ಹಾಳೆಯ ಮೇಲೆ ಅಂಟಿಸಿ ಪುಟ ಕಟ್ಟುತ್ತಿದ್ದರು. ತಪ್ಪಾದರೆ ಕಿತ್ತು ಮತ್ತೆ ಅಂಟಿಸಬಹುದಿತ್ತು. ಇಂಥ ಮಾತುಗಳಲ್ಲಿ ಮಳೆ ಬಿಸಿಲಿನ ಜಗಳ ಇರಲಿಲ್ಲ.

ಬೀಗದ ಕೈ ಬಗ್ಗೆ ಕೇಳಿದಾಗ ಐದು ಜನ ಒಂದೇ ಹೆಸರು ಹೇಳಿದರು. ಸಂಪಾದಕರದ್ದಲ್ಲ. ಜಾಹೀರಾತು ನೋಡಿಕೊಳ್ಳುತ್ತಿದ್ದ ಹುಡುಗಿಯದು. ಅವರು ಒಂದೇ ಒಂದು ವರದಿಯನ್ನೂ ಬರೆದವರಲ್ಲ. ನಮ್ಮ ಕಥೆಯಲ್ಲಿ ಅವರು ಎಲ್ಲೂ ಬರುವುದೇ ಇಲ್ಲ.

ಅವರ ಮನೆಗೆ ಹೋದೆ. ಈಗ ಅವರಿಗೆ ಐವತ್ತು ದಾಟಿದೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಒಳಗೆ ಹೋದರು. ಒಂದು ಉದ್ದನೆಯ ಖಾತೆ ಪುಸ್ತಕ, ಹಗ್ಗ ಕಟ್ಟಿದ ಎರಡು ಕಟ್ಟು ಪತ್ರಿಕೆ ತಂದು ನನ್ನ ಮುಂದೆ ಇಟ್ಟರು. ಹಗ್ಗ ಬಿಚ್ಚಿದೆ. ಮೇಲಿನ ಸಂಚಿಕೆಯನ್ನು ನೋಡಿ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಮುಖಪುಟದಲ್ಲಿ ಪತ್ರಿಕೆಯ ಹೆಸರು ಇರಬೇಕಾದ ಜಾಗ ಖಾಲಿ. ಒಂದು ಬಿಳಿ ಪಟ್ಟಿ, ಸುತ್ತ ತೆಳ್ಳನೆಯ ಕಪ್ಪು ಗೆರೆ. ಕೆಳಗೆ ಸಣ್ಣಗೆ, ಸಂಪುಟ 19, ಸಂಚಿಕೆ 1.

"ಹೆಸರು ನಮ್ಮದು, ನೀವು ಹಾಕಿಕೊಳ್ಳೋ ಹಾಗಿಲ್ಲ ಅಂತ ಆಫೀಸಿಂದ ಕಾಗದ ಬಂತು. ಸರಿ, ಹೆಸರೇ ಬೇಡ ಅಂತ ಖಾಲಿ ಬಿಟ್ವಿ" ಅಂದರು. ಒಂದು ವರ್ಷ ಪತ್ರಿಕೆ ಹೀಗೇ ಬಂದಿತ್ತು. ಹೆಸರೇ ಇಲ್ಲದ ಮೇಲೆ ಗ್ರಂಥಾಲಯ ಯಾವ ಶೀರ್ಷಿಕೆಯ ಕೆಳಗೆ ಸೇರಿಸಿಕೊಳ್ಳಬೇಕು? ಸೇರಿಸಿಕೊಂಡಿರಲಿಲ್ಲ. ಮೈಕ್ರೋಫಿಲ್ಮ್ ಮಾಡಿದವರು ಗ್ರಂಥಾಲಯದಲ್ಲಿ ಇದ್ದದ್ದನ್ನೇ ಮಾಡಿದ್ದರು. ಇಡೀ ಒಂದು ವರ್ಷ ಹಾಗೆ ಕಣ್ಮರೆಯಾಗಿತ್ತು.

ಮತ್ತೆ ಇವರ ಹತ್ತಿರ ಹೇಗೆ ಉಳಿಯಿತು? ನಾನು ಕೇಳಿದೆ, ಚರಿತ್ರೆಗಾಗಿ ಜೋಪಾನ ಮಾಡಿದಿರಾ ಅಂತ.

"ನೋಡಮ್ಮ, ಆಗ ನಮಗೆ ಚರಿತ್ರೆ ಗಿರಿತ್ರೆ ಏನೂ ತಲೇಲಿ ಇರ್ಲಿಲ್ಲ. ಜಾಹೀರಾತು ಕೊಟ್ಟೋರು 'ನಮ್ಮದು ಬಂತಾ' ಅಂತ ಕೇಳ್ತಾರೆ. ತೋರಿಸಿದ್ರೇನೇ ದುಡ್ಡು ಕೊಡೋದು. ತೋರಿಸ್ಬೇಕಲ್ವಾ? ಅದಕ್ಕೆ ಇಟ್ಟೆ."

ಪ್ರತಿ ಜಾಹೀರಾತಿನ ಪಕ್ಕ ಕೆಂಪು ಪೆನ್ಸಿಲಿನಲ್ಲಿ ಒಂದು ಗುರುತು ಇತ್ತು. ದುಡ್ಡು ಬಂದಿದ್ದರೆ ಆ ಗುರುತಿನ ಸುತ್ತ ಒಂದು ಸೊನ್ನೆ. ಬಾರದಿದ್ದರೆ ಬರೀ ಗುರುತು. ಮೊದಲ ತಿಂಗಳುಗಳಲ್ಲಿ ಸೊನ್ನೆ ಬಹಳ ಕಡಿಮೆ.

ಆ ಖಾತೆ ಪುಸ್ತಕದ ನಕಲು ಮಾಡಿಕೊಳ್ಳಲು ಒಪ್ಪಿದರು. ಅದರ ಮುಂದೆ ಕೂತ ಎರಡು ದಿನವನ್ನು ನಾನು ಮರೆಯಲಾರೆ. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಬಲಗಡೆ ಕಾಗದ, ಪ್ರೆಸ್, ಫೋನ್ ಬಿಲ್ಲು, ಕೋಣೆ ಬಾಡಿಗೆ, ಗಾಡಿ ಬಾಡಿಗೆ. ಪ್ರೆಸ್ಸಿನವರು ಮೊದಲ ಎರಡು ತಿಂಗಳು ಸಾಲ ಕೊಟ್ಟಿದ್ದರು. ಮೂರನೇ ತಿಂಗಳಿಂದ ಪ್ರತಿ ಸಂಚಿಕೆಗೂ 'ಮುಂಗಡ' ಅಂತ ಬರೆದಿದೆ. ಅಂದರೆ ವಿಶ್ವವಿದ್ಯಾಲಯ ಹಿಂದೆ ಇಲ್ಲ ಅಂತ ಅವರಿಗೆ ಗೊತ್ತಾಗಿತ್ತು. 11ನೇ ಸಂಚಿಕೆಯ ಮುಂದೆ 'ಮುದ್ರಿಸಿಲ್ಲ' ಎಂಬ ಒಂದೇ ಪದ. ಅದರ ಮರುವಾರ ಎಡಗಡೆ ಏಳು ಹೆಸರು, ಏಳರ ಮುಂದೆಯೂ ಒಂದೇ ಮೊತ್ತ. ಅದು ಜಾಹೀರಾತಿನ ದುಡ್ಡಲ್ಲ, ಸಿಬ್ಬಂದಿ ತಮ್ಮ ಕೈಯಿಂದ ಹಾಕಿದ್ದು. ವರ್ಷದ ಕೊನೆಗೆ ಅದೇ ಏಳು ಹೆಸರು ಬಲಗಡೆ ಬರುತ್ತವೆ, 'ವಾಪಸ್' ಅಂತ. ಆ ಸಾಲಿಗೆ ಬಂದಾಗ ನನ್ನ ಕಣ್ಣು ತುಂಬಿತು. ಸಂಪಾದಕೀಯ ಓದಿದಾಗ ಹಾಗಾಗಿರಲಿಲ್ಲ.

ಹೊತ್ತುಕೊಂಡು ಹೋದ ಟೈಪ್‌ರೈಟರಿನ ವಿಷಯವೂ ಅಲ್ಲೇ ಗೊತ್ತಾಯಿತು. ಟೈಪ್‌ರೈಟರುಗಳು ವಿಶ್ವವಿದ್ಯಾಲಯದವು, ಮುಟ್ಟುವ ಹಾಗಿರಲಿಲ್ಲ. ಹೊರಗೆ ಒಯ್ದದ್ದು ಪುಟ ಕಟ್ಟುವ ಲೈಟ್ ಟೇಬಲ್ ಒಂದನ್ನೇ. ಮೇಲೆ ಹಾಲು ಬಣ್ಣದ ಗಾಜು, ಒಳಗೆ ಟ್ಯೂಬ್‌ಲೈಟ್ ಇರುವ ಮರದ ಮೇಜು. ಅದನ್ನು ವಿದ್ಯಾರ್ಥಿಗಳೇ ಹಣ ಕೂಡಿಸಿ ಕೊಂಡಿದ್ದರು, ರಸೀದಿ ಖಾತೆ ಪುಸ್ತಕದಲ್ಲಿ ಅಂಟಿಸಿತ್ತು. ಮಾರನೇ ದಿನ ಕಚೇರಿಗೆ ಬಂದು ನೋಡಿದರೆ, ನಾವು ದಿನಾ ಬ್ಯಾಗ್ ಎಸೆಯುವ ಮೂಲೆಯ ಮೇಜು ಅದೇ. ಗಾಜಿನ ಮೇಲೆ ಬಿಳಿ ಹಾಳೆ ಅಂಟಿಸಿದ್ದರಿಂದ ಯಾರಿಗೂ ಗೊತ್ತೇ ಆಗಿರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಖಾತೆ ಪುಸ್ತಕದ ಮೊದಲ ಪುಟಕ್ಕೆ ಪಿನ್ ಮಾಡಿದ್ದ ಒಂದು ಪತ್ರ. ಮುಂದಿನ ತಿಂಗಳಿಂದ ಮುದ್ರಣದ ಖರ್ಚು ಕೊಡುವುದಿಲ್ಲ ಅಂತ ಆಡಳಿತ ಕಚೇರಿ ಬರೆದದ್ದು. ಅದರ ತಾರೀಖು ನೋಡಿದೆ. ಮತ್ತೆ ನೋಡಿದೆ. ಆ ಪ್ರಸಿದ್ಧ ಸಂಪಾದಕೀಯಕ್ಕಿಂತ ಇಪ್ಪತ್ಮೂರು ದಿನ ಮೊದಲಿನ ತಾರೀಖು ಅದು.

ಅಂದರೆ ಸಂಪಾದಕೀಯದಿಂದ ದುಡ್ಡು ನಿಂತಿರಲಿಲ್ಲ. ದುಡ್ಡು ನಿಂತದ್ದಕ್ಕೆ ಸಂಪಾದಕೀಯ ಬಂದಿತ್ತು. ಹಾಗಾದರೆ ದುಡ್ಡು ಯಾಕೆ ನಿಂತಿತು? ಮತ್ತೆ ಗ್ರಂಥಾಲಯಕ್ಕೆ ಓಡಿದೆ. 18ನೇ ಸಂಪುಟದಲ್ಲಿ ಆ ಪತ್ರಕ್ಕೆ ಹಿಂದಿನ ಎರಡು ತಿಂಗಳ ಒಂದೊಂದು ಪುಟವನ್ನೂ ಓದಿದೆ. ಮೂರನೇ ಪುಟದಲ್ಲಿ, ಫೋಟೋ ಇಲ್ಲದೆ, ಬರೆದವರ ಹೆಸರಿಲ್ಲದೆ ಒಂದು ವರದಿ ಇತ್ತು. ನಾನೇ ಅದನ್ನು ಮೊದಲ ಸಲ ದಾಟಿಕೊಂಡು ಹೋಗಿದ್ದೆ. ಹಾಸ್ಟೆಲ್ ಬಿಟ್ಟ ವಿದ್ಯಾರ್ಥಿಗಳಿಗೆ ಠೇವಣಿ ವಾಪಸ್ ಕೊಡುತ್ತಿಲ್ಲ ಅನ್ನುವ ವರದಿ. ನಲವತ್ತು ವಿದ್ಯಾರ್ಥಿಗಳ ರಸೀದಿ ಸೇರಿಸಿ, ವಿಶ್ವವಿದ್ಯಾಲಯದ್ದೇ ವಾರ್ಷಿಕ ಲೆಕ್ಕಪತ್ರದ ಜೊತೆ ಹೊಂದಿಸಿ ನೋಡಿದ್ದರು. ಒಂದು ಗಟ್ಟಿ ಮಾತಿಲ್ಲ, ಬೈಗುಳವಿಲ್ಲ. ಲೆಕ್ಕ ಮಾತ್ರ. ಎರಡು ವಾರ ಬಿಟ್ಟು ಇನ್ನೊಂದು ವರದಿ, ಆಮೇಲೆ ಒಂದು ಸಣ್ಣ ಸುದ್ದಿ, ಠೇವಣಿ ವಾಪಸ್ ಕೊಡಲು ಶುರುವಾಗಿದೆ ಅಂತ. ಅದರ ಮುಂದಿನ ವಾರ ಆ ಪತ್ರ.

ಅದನ್ನು ಬರೆದವರು ಯಾರು ಅಂತ ಜಾಹೀರಾತಿನ ಮೇಡಂಗೆ ಗೊತ್ತಿತ್ತು. ಬಹಳ ಕಡಿಮೆ ಮಾತಿನ ಒಬ್ಬ ವಿದ್ಯಾರ್ಥಿ. ಮರುವರ್ಷ ಓದು ಮುಗಿಸಿ ಹೋದವರು ಪತ್ರಿಕೆಯ ಕಡೆ ತಿರುಗಿ ನೋಡಿರಲಿಲ್ಲ. ನಾನು ಪತ್ರ ಬರೆದೆ. ಒಂದು ತಿಂಗಳ ಮೇಲೆ ನಾಲ್ಕು ಸಾಲಿನ ಉತ್ತರ ಬಂತು. ನಾನೇ ಬರೆದದ್ದು ಹೌದು, ನನ್ನಿಂದಾಗಿ ಪತ್ರಿಕೆಗೆ ತೊಂದರೆಯಾಯಿತು ಅಂತ ಇಷ್ಟು ವರ್ಷ ಮನಸ್ಸಿಗೆ ನೋವಿತ್ತು, ಹೆಸರು ಹಾಕಬೇಡಿ ಅಂತ. ಇಷ್ಟು ವರ್ಷ ಅವರು ಅದನ್ನು ತಪ್ಪು ಅಂತ ಹೊತ್ತುಕೊಂಡಿದ್ದರು. ನಾವು ಇತ್ತ ಕಡೆ ಬೇರೆ ಯಾರದೋ ಕಥೆ ಹೇಳಿಕೊಂಡು ಹೆಮ್ಮೆ ಪಡುತ್ತಿದ್ದೆವು. ತಕ್ಷಣ ಮತ್ತೆ ಬರೆದೆ. ನಿಮ್ಮಿಂದ ಆದದ್ದು ತೊಂದರೆಯಲ್ಲ, ಪತ್ರಿಕೆ ಇವತ್ತು ತನ್ನ ಕಾಲ ಮೇಲೆ ನಿಂತಿರುವುದು ಆ ಮೂರನೇ ಪುಟದಿಂದ ಅಂತ.

ಇನ್ನು ಹಳೆಯ ಸಂಪಾದಕರು. ಅವರಿಗೆ ಹೇಳದೆ ಅಚ್ಚು ಹಾಕುವುದು ಸರಿಯಲ್ಲ ಅನಿಸಿತು. ಫೋನ್ ಮಾಡಿ, "ಸರ್, ತಾರೀಖುಗಳು ಹೀಗಿವೆ" ಅಂತ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾನು ಯಾವತ್ತೂ ಆ ಥರ ಹೇಳ್ಕೊಂಡಿಲ್ಲಮ್ಮ. ನೀವೇ ಹೇಳ್ತಾ ಬಂದಿರಿ. ಸರಿಯಾಗಿ ಬರೀರಿ. ಅವಳು ಬೀಗದ ಕೈ ಇಟ್ಕೊಳ್ದೇ ಹೋಗಿದ್ರೆ ನನ್ನ ಸಂಪಾದಕೀಯ ಕೊನೇ ಸಂಪಾದಕೀಯ ಆಗಿರ್ತಿತ್ತು" ಅಂದರು. ದುಡ್ಡು ನಿಲ್ಲುತ್ತದೆ ಅಂತ ಗೊತ್ತಿದ್ದೂ ಹಾಗೆ ಬರೆದರಲ್ಲ, ಅದಕ್ಕೂ ಧೈರ್ಯ ಬೇಕು. ಅದನ್ನೂ ಬರೆದೆ.

ನಮ್ಮ ಕಚೇರಿಯಲ್ಲಿ ಮಾತ್ರ ಇದು ದೊಡ್ಡ ಚರ್ಚೆಯಾಯಿತು. ಒಳ್ಳೆಯ ಕಥೆಯನ್ನು ಯಾಕೆ ಹಾಳುಮಾಡಬೇಕು ಅಂತ ಕೆಲವರು ಅಂದರು. ಬೇರೆಯವರ ಲೆಕ್ಕ ಕೇಳುವ ಪತ್ರಿಕೆ ತನ್ನ ಲೆಕ್ಕದಲ್ಲಿ ತಪ್ಪು ಇಟ್ಟುಕೊಳ್ಳಬಾರದು ಅನ್ನುವುದು ನನ್ನ ವಾದ. ಅದೇ ಮಾತು ನಮ್ಮ ತಪ್ಪಿಗೂ ಅನ್ವಯವಾಯಿತು. 27ನೇ ಸಂಪುಟದಲ್ಲಿ ಒಬ್ಬ ವಿದ್ಯಾರ್ಥಿಯ ಮೇಲೆ ಕಳ್ಳತನದ ಆರೋಪ ಬಂದ ಸುದ್ದಿ ಹೆಸರಿನ ಸಮೇತ ಮುಖಪುಟದಲ್ಲಿತ್ತು. ಆರೋಪ ಸುಳ್ಳು ಅಂತ ಆಮೇಲೆ ಗೊತ್ತಾಗಿದೆ. ಅದು ನಮಗೆ ತಿಳಿದದ್ದು ಓದುಗರ ಪತ್ರವೊಂದರಿಂದ. ಪತ್ರಿಕೆ ತಿದ್ದುಪಡಿ ಹಾಕಿಯೇ ಇರಲಿಲ್ಲ. ನಾವು ಈಗ ಹಾಕಿದೆವು. ಸ್ಕ್ಯಾನ್ ಮಾಡಿದ ಆ ಪುಟದ ಜೊತೆ ಯಾವಾಗಲೂ ಕಾಣುವಂತೆ ಅದನ್ನು ಅಂಟಿಸಿದೆವು. ಹಳೆಯ ಪುಟವನ್ನು ಅಳಿಸಲಿಲ್ಲ. ಆದರೆ ಆ ವ್ಯಕ್ತಿಯ ಹೆಸರು ಹಾಕಿ ಹುಡುಕಿದರೆ ಅದು ಸಿಗದ ಹಾಗೆ ಮಾಡಿದೆವು.

ಸ್ಕ್ಯಾನಿಂಗ್ ಬಗ್ಗೆ ಎರಡೇ ಮಾತು. ಬೈಂಡ್ ಮಾಡಿದ ಸಂಪುಟವನ್ನು ಚಪ್ಪಟೆ ಸ್ಕ್ಯಾನರಿನ ಮೇಲೆ ಕವುಚಿ ಒತ್ತಬೇಡಿ, ಬೆನ್ನು ಮುರಿಯುತ್ತದೆ. ಮೇಲಿನಿಂದ ಫೋಟೋ ತೆಗೆಯುವ ವ್ಯವಸ್ಥೆ ಮಾಡಿಕೊಳ್ಳಿ. ಮೂಲ ಚಿತ್ರವನ್ನು ಟಿಫ್ ರೂಪದಲ್ಲಿ (ಚಿತ್ರದ ಗುಣಮಟ್ಟ ಕೆಡದ ಫೈಲು) 400 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 400 ಚುಕ್ಕೆಯಂತೆ ಇಡಿ, ಓದುವವರಿಗೆ ಪಿಡಿಎಫ್ ಕೊಡಿ. ಫೈಲಿನ ಹೆಸರು ವರ್ಷ, ತಿಂಗಳು, ದಿನ, ಪುಟ ಈ ಕ್ರಮದಲ್ಲಿರಲಿ. ಮೂರು ಪ್ರತಿ ಮಾಡಿ, ಒಂದು ಬೇರೆ ಕಟ್ಟಡದಲ್ಲಿರಲಿ. ಖಾತೆ ಪುಸ್ತಕಗಳನ್ನೂ ಮರೆಯದೆ ಸ್ಕ್ಯಾನ್ ಮಾಡಿ. ಇದನ್ನು ಒತ್ತಿ ಹೇಳುತ್ತೇನೆ. ಪತ್ರಿಕೆಯಲ್ಲಿ ಬರೆದದ್ದನ್ನು ಯಾರಾದರೂ ಉಳಿಸುತ್ತಾರೆ. ಲೆಕ್ಕ ಬರೆದದ್ದನ್ನು ತೂಕಕ್ಕೆ ಹಾಕುತ್ತಾರೆ.

ಎರಡು ಪುಟ ಅಂತ ಶುರುವಾದದ್ದು ಕೊನೆಗೆ ಹದಿನಾರು ಪುಟದ ಪುರವಣಿಯಾಯಿತು. ನಮ್ಮ ಎರಡನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಯಾವಾಗಲೂ ಇರುತ್ತದೆ, 'ಈ ಪತ್ರಿಕೆಗೂ ವಿಶ್ವವಿದ್ಯಾಲಯಕ್ಕೂ ಸಂಬಂಧವಿಲ್ಲ' ಅಂತ. ಹೆಸರು ವಾಪಸ್ ಕೊಡುವಾಗ ಅವರು ಹಾಕಿದ ಷರತ್ತು ಅದು. 20ನೇ ಸಂಪುಟದ ಮೊದಲ ಸಂಚಿಕೆಯಿಂದ ಒಂದು ವಾರವೂ ತಪ್ಪಿಲ್ಲ. ಪುಟ ಕಟ್ಟುವಾಗ ಜಾಗ ಸಾಲದೆ ಎಷ್ಟೋ ಸಲ ಅದನ್ನು ತೆಗೆದುಹಾಕೋಣ ಅಂತ ನಾನೇ ಅಂದಿದ್ದೆ. ಈಗ ಅದರ ಮೇಲೆ ಕೈಯಿಡಲು ಮನಸ್ಸು ಬರುವುದಿಲ್ಲ.

ಕೊನೆಗೆ 19ನೇ ಸಂಪುಟವನ್ನು ಬೈಂಡ್ ಮಾಡಿಸಿದೆವು. ಮೇಡಂ ಮೂಲ ಪ್ರತಿಗಳನ್ನೇ ಗ್ರಂಥಾಲಯಕ್ಕೆ ಕೊಟ್ಟರು. ಆದರೆ ಅದು ಪೂರ್ತಿ ಇಲ್ಲ. ಆ ವರ್ಷ ಅಚ್ಚಾದದ್ದು 32 ಸಂಚಿಕೆ. 21 ಪೂರ್ತಿ ಇವೆ. ಉಳಿದ 11ರಲ್ಲಿ ಅವರು ಜಾಹೀರಾತು ಬಂದ ಪುಟಗಳನ್ನಷ್ಟೇ ಇಟ್ಟಿದ್ದರು, ಜಾಗ ಇರಲಿಲ್ಲ ಅಂತ. ಅವುಗಳಲ್ಲಿ ಹೆಚ್ಚಿನವಕ್ಕೆ ಮುಖಪುಟ ಇಲ್ಲ, ಯಾಕೆಂದರೆ ಮುಖಪುಟದಲ್ಲಿ ಜಾಹೀರಾತು ಹಾಕುತ್ತಿರಲಿಲ್ಲ. ಗ್ರಂಥಪಾಲಕರು ಪುಟ ಇಲ್ಲದ ಕಡೆಯಲ್ಲೆಲ್ಲ ಅದೇ ಅಳತೆಯ ಆಮ್ಲರಹಿತ ಖಾಲಿ ಹಾಳೆ ಸೇರಿಸಿ ಹೊಲಿಸಿದರು. ಪ್ರತಿ ಖಾಲಿ ಹಾಳೆಯ ಮೂಲೆಯಲ್ಲಿ ಸಂಚಿಕೆ, ಪುಟ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆದರು. ಆಮೇಲೆ ಕಪಾಟಿನಲ್ಲಿ 18 ಮತ್ತು 20ರ ನಡುವೆ ಜಾಗ ಮಾಡಿ ಇಟ್ಟರು.

ಪುರವಣಿ ಬಂದ ಎರಡು ತಿಂಗಳಿಗೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ಹಳೆಯ ವಿದ್ಯಾರ್ಥಿಯೊಬ್ಬರು ಪುಸ್ತಕಕ್ಕೆ ಹೊದಿಕೆಯಾಗಿ ಹಾಕಿಕೊಂಡಿದ್ದ ಒಂದು ಹಾಳೆಯನ್ನು ಬಿಡಿಸಿ ಕಳಿಸಿದ್ದರು. ನಾಲ್ಕು ಮಡಿಕೆಯ ಗುರುತು, ಒಂದು ಮೂಲೆಯಲ್ಲಿ ಶಾಯಿಯ ಕಲೆ. ಮೇಲೆ ಖಾಲಿ ಬಿಳಿ ಪಟ್ಟಿ, ಸುತ್ತ ಕಪ್ಪು ಗೆರೆ. ಸಂಪುಟ 19, ಸಂಚಿಕೆ 24, ಪುಟ 1.